ನಾಲ್ಕು ಬಿಳಿಯ ನಿಲುವಂಗಿ

ನಮ್ಮ ಚಿಕ್ಕಮ್ಮನಿಗೆ ಯೇಸುವಿನಿಂದ ರಕ್ಷಣೆ ಸಿಕ್ಕಿ ಹತ್ತೊಂಬತ್ತು ವರ್ಷವಾಗಿತ್ತು. ಯಾವ ವಾರ, ಎಷ್ಟು ಗಂಟೆ, ಆಗ ಹೊರಗೆ ಯಾರ ನಾಯಿ ಬೊಗಳುತ್ತಿತ್ತು ಎನ್ನುವುದೂ ಅವಳಿಗೆ ನೆನಪಿತ್ತು. ಆ ಗಳಿಗೆಯಲ್ಲಿ ತನ್ನ ಹಿಂದಿನ ಪಾಪಗಳೆಲ್ಲ ತೊಳೆದುಹೋದವು, ಮುಂದಿನವೂ ತೊಳೆದುಹೋದವು ಎಂದು ಹೇಳುತ್ತಿದ್ದಳು. ಹಿಂದಿನವೇನೋ ಸರಿ, ಇನ್ನೂ ಮಾಡದೇ ಇರುವ ಪಾಪವನ್ನು ತೊಳೆಯುವುದೆಂದರೆ ಇನ್ನೂ ತೊಡದ ಅಂಗಿಯನ್ನು ಒಗೆದಂತಲ್ಲವೇ ಎಂದು ಮಾಮ ಕೇಳಿದರೆ, "ನಿನಗೆ ಅರ್ಥ ಆಗಲ್ಲ ಬಿಡು, ಅದಕ್ಕೇ ಕೃಪೆ ಅನ್ನೋದು" ಎಂದು ಮಷೀನು ತುಳಿಯುತ್ತಿದ್ದಳು.

ಮಾಮ ಎಂದರೆ ಅವಳ ಅಣ್ಣ, ನನ್ನ ಅಮ್ಮನಿಗೂ ಅಣ್ಣ. ಅಮ್ಮ ತೀರಿಕೊಂಡ ವರ್ಷ ನಾನು ಏಳನೇ ತರಗತಿಗೇ ಶಾಲೆ ಬಿಟ್ಟು ಇವರಿಬ್ಬರ ಹೊಲಿಗೆ ಅಂಗಡಿಗೆ ಬಂದೆ. ಕೆಳಗೆ ಚಪ್ಪಲಿ ರಿಪೇರಿಯವನು, ಮೇಲೆ ನಾವು. ಮುಂದಿನ ಕೋಣೆಯಲ್ಲಿ ಎರಡು ಮಷೀನು, ಕತ್ತರಿಸುವ ಉದ್ದನೆಯ ಮೇಜು, ಇಸ್ತ್ರಿ, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು. ಹಿಂದಿನ ಎರಡು ಕೋಣೆ ಮನೆ. ಮಾಮ ಕತ್ತರಿಸುತ್ತಿದ್ದ, ಚಿಕ್ಕಮ್ಮ ಹೊಲಿಯುತ್ತಿದ್ದಳು, ನಾನು ಗುಂಡಿತೂತಿಗೆ ಕಾಜಾ ಕಟ್ಟಿ, ಗುಂಡಿ ಹಚ್ಚಿ, ತಪ್ಪಾದ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದೆ.

ಮಾಮನಿಗೆ ಒಂದು ನಿಯಮವಿತ್ತು. ಗಿರಾಕಿ ತಂದ ಬಟ್ಟೆಯಲ್ಲಿ ಉಳಿದ ಚೂರನ್ನೆಲ್ಲ, ಹೆಬ್ಬೆರಳಿನಷ್ಟಿದ್ದರೂ ಸರಿ, ಸೇರಿಸಿ ಸಣ್ಣ ಗಂಟು ಕಟ್ಟಿ, ಹೊಲಿದ ಬಟ್ಟೆಯ ಜೊತೆಗೆ ವಾಪಸು ಕೊಡಬೇಕು. ಬಟ್ಟೆ ಯಾರದೋ ಚೂರೂ ಅವರದೇ. ಮದುವೆಯಾಗಲಿಲ್ಲ, ಪೂಜೆ ಪ್ರಾರ್ಥನೆ ಯಾವುದೂ ಇಲ್ಲ, ಹೇಳಿದ ದಿನಕ್ಕೆ ಬಟ್ಟೆ ಕೊಡುವುದನ್ನು ಒಂದು ಸಲವೂ ತಪ್ಪಿಸಿದವನಲ್ಲ. ದೇವರಿದ್ದಾನೋ ಇಲ್ಲವೋ ಎಂದು ಕೇಳಿದರೆ, "ಅಳತೆಗೆ ಬಂದಿಲ್ಲ ಇನ್ನೂ" ಎನ್ನುತ್ತಿದ್ದ.

ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಕೊಡುವ ಕೆಲಸ ಚಿಕ್ಕಮ್ಮನದು. ಅವಳು ಸುತ್ತುವಾಗ ಮಾಮ ಕಟ್ಟಿಟ್ಟ ಗಂಟು ಕಪಾಟಿನೊಳಗೆ ಹೋಗುತ್ತಿತ್ತು. ಅದಲ್ಲದೆ ಮೂರು ಮೀಟರು ಸಾಕಾಗುವ ಕಡೆ, "ಈ ಬಟ್ಟೆ ನೆನೆಸಿದ್ರೆ ಕುಗ್ಗುತ್ತಮ್ಮ, ನಾಲ್ಕು ತನ್ನಿ" ಎಂದು ತಾನೇ ಹೇಳಿ ತರಿಸುತ್ತಿದ್ದಳು. ಹೆಚ್ಚಿನದು ಮಾಮನ ಮೇಜಿಗೆ ಬರುವ ಮೊದಲೇ ಕಪಾಟು ಸೇರುತ್ತಿತ್ತು. ಇದಕ್ಕೆ ಅವಳ ಭಾಷೆಯಲ್ಲಿ 'ಉಳಿಸೋದು' ಎಂದು ಹೆಸರು. ಮಾಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಕೇಳದೆ ಮಾತಾಡುವ ಅಭ್ಯಾಸ ನನಗಿಲ್ಲ.

ಮಾಮನ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಆ ಹತ್ತೊಂಬತ್ತನೆಯ ವರ್ಷದಲ್ಲೇ. "ನಮ್ಮ ಕಪಾಟಿನ ಥರ" ಎಂದ ಮಾಮ. ಮೆಟ್ಟಿಲು ಹತ್ತುವಾಗ ಮೂರು ಕಡೆ ನಿಲ್ಲುತ್ತಿದ್ದ. ಕತ್ತರಿ ಹಿಡಿಯಲಾಗದ ದಿನ ಮೇಜಿನ ಮೇಲೇ ಮಲಗುತ್ತಿದ್ದ, ನಾವು ಅವನ ಸುತ್ತ ಬಟ್ಟೆ ಹಾಸಿಕೊಳ್ಳುತ್ತಿದ್ದೆವು. ಆಪರೇಷನ್ ಸೋಮವಾರಕ್ಕೆ ನಿಗದಿಯಾಯಿತು. ಹತ್ತರಲ್ಲಿ ಏಳು ಜನ ಎದ್ದು ಬರುತ್ತಾರಂತೆ.

"ಉಳಿದ ಮೂರು?" ಎಂದಳು ಚಿಕ್ಕಮ್ಮ.

"ಅವರು ದೂರು ಕೊಟ್ಟಿದ್ದು ಯಾರಿಗೂ ಗೊತ್ತಿಲ್ಲ" ಎಂದ ಮಾಮ.

ಅದು ಮಂಗಳವಾರ. ಅವತ್ತಿನಿಂದ ಚಿಕ್ಕಮ್ಮ ನಿದ್ದೆ ಬಿಟ್ಟಳು. ಭಾನುವಾರ ಅವಳ ಚರ್ಚಿನ ಸಭೆಯಲ್ಲಿ ಮೂರು ಜನರಿಗೆ ದೀಕ್ಷಾಸ್ನಾನವಿತ್ತು. ನಾಲ್ಕನೆಯವನಾಗಿ ಅಣ್ಣ ನೀರಿಗಿಳಿಯಬೇಕು ಎಂದು ಹಟ ಹಿಡಿದಳು.

"ಒಂದೇ ಒಂದು ಮಾತು ಅಣ್ಣ. ನಂಬ್ತೀನಿ ಅಂದ್ಬಿಡು. ಪಾಸ್ಟರು ಮುಳುಗಿಸಿ ಎತ್ತುತಾರೆ, ಮುಗೀತು."

"ನಂಬಲ್ವಲ್ಲೇ."

"ನಂಬದೇ ಇದ್ರೂ ಹೇಳು."

"ಅದು ಸುಳ್ಳಾಗುತ್ತೆ."

"ಆಗ್ಲಿ ಬಿಡು! ನೀರಿಗೆ ಬೀಳೋಕೆ ಮುಂಚೆ ಹೇಳಿದ ಸುಳ್ಳು ತಾನೆ? ನೀರಲ್ಲಿ ಅದೂ ಸೇರಿಸಿ ತೊಳೆದುಹೋಗುತ್ತೆ. ಇದಕ್ಕಿಂತ ಸಲೀಸು ಇನ್ಯಾವುದಿದೆ ಹೇಳು."

ಮಾಮ ಮೇಜಿನ ಮೇಲೆ ಮಲಗಿದ್ದವನು ಕೆಮ್ಮುವಷ್ಟು ನಕ್ಕ. "ಅಲ್ಲ ಕಣೇ, ಸುಳ್ಳು ಹೇಳಲಿಲ್ಲ ಅಂತ ನನ್ನ ನರಕಕ್ಕೆ ಕಳಿಸ್ತಾರಾ ನಿಮ್ಮವರು?"

"ಅಲ್ಲಿಗೆ ಜಾಸ್ತಿ ಹೋಗೋರೇ ಒಳ್ಳೆಯವರು. ಅವರಿಗೇ ಜಂಬ ಇರೋದು. ನಾವು ಕೆಟ್ಟವರು ಅಂತ ಒಪ್ಕೊಂಡಿದ್ದೀವಿ, ನಮಗೆ ತೊಂದರೆ ಇಲ್ಲ."

"ಹಾಗಾದ್ರೆ ಅಲ್ಲಿ ಜನ ಚೆನ್ನಾಗಿರ್ತಾರೆ."

ಚಿಕ್ಕಮ್ಮ ನಗಲಿಲ್ಲ. ಮಷೀನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಕೂತಳು. "ಅಪ್ಪ ಹೋದಾಗ ನನಗೇನೂ ಗೊತ್ತಿರಲಿಲ್ಲ ಅಣ್ಣ. ಈಗ ಗೊತ್ತಿದೆ. ಗೊತ್ತಿದ್ದೂ ನಿನ್ನ ಹಾಗೇ ಕಳಿಸಿಬಿಡ್ಲಾ?" ಎಂದಳು. ಮಾಮ ಮುಖ ಗೋಡೆಯ ಕಡೆ ತಿರುಗಿಸಿದ. ಅವಳು ಅತ್ತರೆ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ತಂದೆ ತಾಯಿ ಇಲ್ಲದ ಇಬ್ಬರು ತಂಗಿಯರನ್ನು ಇದೇ ಮೇಜಿನ ಮೇಲೆ ದುಡಿದು ಸಾಕಿದವನು ಅವನು.

ಮರುದಿನ ಪಾಸ್ಟರು ಬಂದರು. ಚಿಕ್ಕಮ್ಮ ಕರೆಸಿದ್ದಳು, ಆದರೆ ತಾವು ಪ್ಯಾಂಟು ಸಡಿಲ ಮಾಡಿಸಿಕೊಳ್ಳಲು ಬಂದಂತೆ ತೋರಿಸಿಕೊಂಡರು. ಒಳ್ಳೆಯ ಮನುಷ್ಯ, ಸ್ವಲ್ಪ ದಪ್ಪ. ಸ್ಟೂಲಿನ ಮೇಲೆ ನಿಲ್ಲಿಸಿ ನಾನು ಪ್ಯಾಂಟಿನ ಸೊಂಟಕ್ಕೆ ಪಿನ್ನು ಚುಚ್ಚುತ್ತಿದ್ದಾಗ ಮೆಲ್ಲಗೆ ವಿಷಯಕ್ಕೆ ಬಂದರು.

"ನಂಬಿಕೆ ಅನ್ನೋದು ಬೇರು. ಒಳ್ಳೆ ನಡತೆ ಹಣ್ಣು. ಬೇರಿದ್ರೆ ಹಣ್ಣು ತಾನಾಗೇ ಬರುತ್ತೆ."

"ಬೇರಿಲ್ಲದೇ ಹಣ್ಣು ಬಿಟ್ರೆ?" ಎಂದ ಮಾಮ.

"ಹಾಗೆಲ್ಲ ಬಿಡಲ್ಲ."

"ಬೇರು ಭದ್ರವಾಗಿದ್ದು ಹಣ್ಣೇ ಬಿಡದಿದ್ರೆ?"

ಪಾಸ್ಟರು ಉತ್ತರ ಹುಡುಕುತ್ತ ಸ್ವಲ್ಪ ಬಾಗಿದರು. ಪಿನ್ನು ಚುಚ್ಚಿತು. "ಅಯ್ಯೋ ಕರ್ತನೇ" ಎಂದರು. ಆಮೇಲೆ ಸೊಂಟ ಉಜ್ಜಿಕೊಳ್ಳುತ್ತ, "ನಮ್ಮ ಬೈಬಲ್ಲಲ್ಲೇ ಒಬ್ಬರು ನಂಬಿಕೆ ಸಾಕು ಅಂತಾರೆ, ಇನ್ನೊಬ್ಬರು ನಡತೆ ಬೇಕು ಅಂತಾರೆ. ದೊಡ್ಡ ದೊಡ್ಡವರೇ ಈ ವಿಷಯಕ್ಕೆ ಜಗಳ ಆಡಿ ಬೇರೆ ಬೇರೆ ಸಭೆ ಮಾಡ್ಕೊಂಡಿದಾರೆ. ನಾನು ಪ್ಯಾಂಟು ಬಿಗಿಯಾಗಿರೋ ಸಾಮಾನ್ಯ ಮನುಷ್ಯ. ನೀವು ಬನ್ನಿ, ಅಷ್ಟೇ" ಎಂದರು. ಮಾಮನಿಗೆ ಅವರು ಹಿಡಿಸಿದರು. ಆದರೆ ಬರುತ್ತೇನೆ ಎನ್ನಲಿಲ್ಲ.

ಅಷ್ಟಕ್ಕೆ ಚಿಕ್ಕಮ್ಮ ಬಿಡುವವಳಲ್ಲ. ಸಭೆಯಲ್ಲಿ ನೀರಿಗಿಳಿಯುವವರಿಗೆ ಬಿಳಿ ನಿಲುವಂಗಿಗಳಿದ್ದವು, ಆದರೆ ಮಾಮ ಉದ್ದ ಆಳು. ಯಾವುದೂ ಮೊಣಕಾಲು ದಾಟುತ್ತಿರಲಿಲ್ಲ. ಅಂಗಿ ಹೊಲಿದಿಟ್ಟರೆ ಅರ್ಧ ಒಪ್ಪಿದ ಹಾಗೆ ಎಂದುಕೊಂಡು ಗುರುವಾರ ಅವನು ಮಲಗಿದ್ದ ಹೊತ್ತಿನಲ್ಲಿ ಕಪಾಟಿನಿಂದ ಬಿಳಿ ಬಟ್ಟೆ ತೆಗೆದು ಹೊಲಿಯಲು ಕೂತಳು. ನನ್ನಿಂದ ಅಂಚು ಮಡಿಸಿಸಿದಳು. ನೀರಿನಲ್ಲಿ ಅಂಗಿ ಛತ್ರಿಯಂತೆ ಮೇಲೆದ್ದು ಮರ್ಯಾದೆ ಹೋಗಬಾರದೆಂದು ಆ ಅಂಚಿನೊಳಗೆ ಸೀಸದ ಗುಂಡುಗಳನ್ನು ಇಡುತ್ತಾರೆ. ಆ ಬಟ್ಟೆಗಳನ್ನು ನಾನು ಗುರುತಿಸಿದ್ದೆ.

ಸಂಜೆ ಅವಳು ಅಂಗಿಯನ್ನು ಮಾಮನ ಭುಜದ ಮೇಲೆ ಹಿಡಿದಳು. "ತೊಟ್ಕೊಂಡಾದ್ರೂ ನೋಡು."

ನಲವತ್ತು ವರ್ಷ ಕತ್ತರಿ ಹಿಡಿದವನು. ತೊಡುವ ಮೊದಲೇ ಅವನ ಹೆಬ್ಬೆರಳೂ ತೋರುಬೆರಳೂ ಬಟ್ಟೆಯನ್ನು ಉಜ್ಜಿ ನೋಡಿದವು. ಎದೆಯ ಭಾಗ ಉಜ್ಜಿದ. ಬೆನ್ನು ಉಜ್ಜಿದ. ತೋಳಿಗೆ ಬಂದಾಗ ನಿಧಾನ ಮಾಡಿದ. ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದರಲ್ಲಿ ನಾಲ್ಕು ಬಿಳಿ ಇದೆ" ಎಂದ.

"ಬಿಳಿ ಬಿಳೀನೇ" ಎಂದಳು ಚಿಕ್ಕಮ್ಮ.

"ಇದು ಪಾಪ್ಲಿನ್. ಇದು ದಪ್ಪ ಡ್ರಿಲ್. ತೋಳು ಸ್ಯಾಟಿನ್. ಹೆಗಲ ಮೇಲಿರೋದು ಲಿನನ್. ಯಾರದು ಇದೆಲ್ಲ?"

ಚಿಕ್ಕಮ್ಮ ಬಾಬಿನ್ ಹುಡುಕತೊಡಗಿದಳು. ಮಾಮ ನನ್ನ ಕಡೆ ತಿರುಗಿದ. "ನೀನು ಹೇಳಮ್ಮ."

ಕೇಳಿಬಿಟ್ಟ. ಇನ್ನು ಸುಮ್ಮನಿರಲು ನನಗೆ ದಾರಿಯಿರಲಿಲ್ಲ. "ಎದೆ ಭಾಗ ಹಲ್ಲಿನ ಡಾಕ್ಟರದು, ಅವರ ಕೋಟಿನ ಬಟ್ಟೆ" ಎಂದೆ. "ಬೆನ್ನು ಬೇಕರಿಯಮ್ಮನ ಏಪ್ರನ್ನಿಂದು. ತೋಳು ಬಸ್ ಸ್ಟ್ಯಾಂಡಿನ ಟಿಕೆಟ್ ಅಕ್ಕನ ಮದುವೆ ಅಂಗಿದು. ಹೆಗಲಿಂದು..."

"ಹೆಗಲಿಂದು?"

"ಸಭೆಯಲ್ಲಿ ರೊಟ್ಟಿ ದ್ರಾಕ್ಷಾರಸ ಇಡೋ ಕರ್ತನ ಮೇಜಿಗೆ ಹಾಸ್ತಾರಲ್ಲ, ಆ ಬಟ್ಟೆ."

ಕೆಳಗೆ ಚಪ್ಪಲಿಯವನು ಮೊಳೆ ಹೊಡೆಯುವ ಸದ್ದು ಕೇಳುತ್ತಿತ್ತು. ಮಾಮ ಕೂಗಾಡಲಿಲ್ಲ. ಅವನ ಎದೆಗೆ ಅದು ಆಗುತ್ತಲೂ ಇರಲಿಲ್ಲ.

"ಕರ್ತನ ಮೇಜಿಂದಲೂ ಉಳಿಸಿದ್ಯಾ?"

"ಅವನಿಗೆ ಬೇಕಾದಷ್ಟಿದೆ" ಎಂದಳು ಚಿಕ್ಕಮ್ಮ, ಸಣ್ಣ ದನಿಯಲ್ಲಿ. ಮತ್ತೆ ಜೋರಾಗಿ, "ನಿನಗೋಸ್ಕರ ತಾನೆ ಹೊಲಿದಿದ್ದು! ನನಗೇನು ಮೈಗೆ ಸುತ್ಕೊಂಡ್ನಾ? ಇದೆಲ್ಲ ಆಗಲೇ ಕ್ಷಮೆ ಆಗಿದೆ ಅಣ್ಣ. ನಡತೆ ನೋಡಿ ಯಾರನ್ನೂ ಒಳಗೆ ಬಿಡಲ್ಲ ಅಲ್ಲಿ. ನಡತೆ ನೋಡಿದ್ರೆ ಯಾರು ಉಳೀತಾರೆ?"

"ಸರಿ. ಯಾರು ಕ್ಷಮಿಸಿದ್ರು?"

"ಕರ್ತ."

"ಹಲ್ಲಿನ ಡಾಕ್ಟರು?"

ಅವಳು ಸೂಜಿಯಲ್ಲಿ ಆಗಲೇ ಇದ್ದ ದಾರವನ್ನು ತೆಗೆದು ಮತ್ತೆ ಪೋಣಿಸಿದಳು.

ಮಾಮ ಅಂಗಿಯನ್ನು ಮಡಿಸಿ ಮೇಜಿನ ಮೇಲಿಟ್ಟ. "ನೋಡು. ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದೀಯ, ಆ ದಿನ ನಿನಗೇನೋ ಆಯ್ತು, ನೀನು ಬೇರೆಯೋಳೇ ಆದೆ ಅಂತ. ನನ್ನ ಕಣ್ಣಿಗೆ ಅದು ಬೀಳಲಿಲ್ಲ. ನೀನು ಮೊದಲು ನನ್ನ ಜೇಬಿನ ಚಿಲ್ಲರೆ ಉಳಿಸ್ತಿದ್ದೆ, ಆಮೇಲೆ ಗಿರಾಕಿಗಳ ಬಟ್ಟೆ ಉಳಿಸಿದ್ದೀಯ, ನಡುವೆ ಹಾಡು ಕಲಿತೆ ಅಷ್ಟೇ. ಇದನ್ನ ಬಿಚ್ಚು. ಯಾರದು ಅವರಿಗೆ ಕೊಟ್ಟು, ಏನು ಮಾಡ್ದೆ ಅಂತ ಬಾಯಿಬಿಟ್ಟು ಹೇಳಿ ಬಾ. ನಾಲ್ಕೂ ಮನೆ. ನಾನು ಭಾನುವಾರ ಬಂದು ನೀರಲ್ಲಿ ನಿಲ್ತೀನಿ."

"ನಿಂತು? ನಂಬ್ತೀನಿ ಅಂತೀಯಾ?"

"ಕೇಳಿದ್ದಕ್ಕೆ ಉತ್ತರ ಹೇಳ್ತೀನಿ."

ಚಿಕ್ಕಮ್ಮ ಲೆಕ್ಕ ಹಾಕುವುದು ಮುಖದಲ್ಲೇ ಕಾಣುತ್ತಿತ್ತು. ಒಂದು ಕಡೆ ಅವಳ ಮಾನ, ಇನ್ನೊಂದು ಕಡೆ ಅಣ್ಣನ ಆತ್ಮ. ಬ್ಲೇಡು ತೆಗೆದು ನನ್ನ ಕೈಗೆ ಕೊಟ್ಟಳು. "ಬಿಚ್ಚೇ. ನಿನ್ನ ಬಾಯಿಗಿಷ್ಟು ಬೆಂಕಿ ಹಾಕ" ಎಂದಳು.

ಶುಕ್ರವಾರ ಬೆಳಿಗ್ಗೆ ಹಲ್ಲಿನ ಡಾಕ್ಟರಲ್ಲಿಗೆ ಹೋದೆವು. ಯಾವ ತುಂಡು ಯಾರದೆಂದು ತಪ್ಪಬಾರದೆಂದು ನಾನೂ ಜೊತೆಗೆ. ಕುರ್ಚಿಯಲ್ಲಿ ಒಬ್ಬ ಮುದುಕರು ಬಾಯಿ ತೆರೆದು ಒರಗಿದ್ದರು. ಹೊರಗೆ ಕಾದರೆ ಧೈರ್ಯ ಇಳಿದುಹೋಗುತ್ತದೆಂದು ಚಿಕ್ಕಮ್ಮ ನೇರ ಒಳನುಗ್ಗಿ, ನಿಲುವಂಗಿಯ ಎದೆಯ ಭಾಗವನ್ನು ಚಾಚಿ, ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಡಾಕ್ಟರು ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟರು. "ನೀವು ಬಟ್ಟೆ ಸಾಲಲಿಲ್ಲ ಅಂದ್ರಿ."

"ಹೌದು."

"ಸಾಲದೇ ಇದ್ದಿದ್ದಕ್ಕೆ ಕಾರಣ ನಾನು ದಪ್ಪ ಆಗಿರೋದು ಅಂದ್ರಿ."

"ಹೌದು ಡಾಕ್ಟ್ರೇ."

"ಒಂದು ವರ್ಷದಿಂದ ಸಂಜೆ ಊಟ ಬಿಟ್ಟಿದ್ದೀನಿ ಕಣಮ್ಮ ನಾನು!" ಅವರ ದನಿ ಮೇಲೇರಿತು. "ಮನೇಲಿ ಎಲ್ಲ ಉಣ್ಣೋವಾಗ ನಾನು ಸೌತೆಕಾಯಿ ಇಟ್ಕೊಂಡು ಕೂತಿರ್ತೀನಿ! ಇಷ್ಟಾದ್ರೂ ಕೋಟಿನ ಗುಂಡಿ ಹತ್ತಲಿಲ್ಲ ಅಂತ ರಕ್ತ ಬೇರೆ ಪರೀಕ್ಷೆ ಮಾಡಿಸ್ದೆ!"

ಕುರ್ಚಿಯಲ್ಲಿದ್ದ ಮುದುಕರಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಹತ್ತಿಯುಂಡೆ ಗಂಟಲಿಗೆ ಹೋಗುವುದರಲ್ಲಿತ್ತು. ಡಾಕ್ಟರು ಅದನ್ನು ತೆಗೆದು, ಬೆವರು ಒರೆಸಿಕೊಂಡು, ಹೊಸ ಕೋಟು ಹೊಲಿದು ಕೊಡಬೇಕು, ತನ್ನ ಹೆಂಡತಿಯ ಮುಂದೆ ನಿಂತು ಈ ಮಾತನ್ನೇ ಇನ್ನೊಮ್ಮೆ ಹೇಳಬೇಕು ಎಂದರು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. ಬೀದಿಗೆ ಬಂದ ಮೇಲೆ ಚಿಕ್ಕಮ್ಮ, "ಕರ್ತನೇ ವಾಸಿ. ಇಷ್ಟೆಲ್ಲ ಕೇಳಲ್ಲ" ಎಂದಳು.

ಬೇಕರಿಯಮ್ಮನದು ಬೇರೆಯೇ ಆಯಿತು. ಅವರು ಎಲ್ಲವನ್ನೂ ಕೇಳಿ, ಬೆನ್ನಿನ ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡರು.

"ನೀವು ಹೇಳಿದ್ರಿ ಅಂತ ನಾನೂ ಒಂದು ಹೇಳಿಬಿಡ್ತೀನಿ. ಹೊಟ್ಟೆ ಹಗುರ ಆಗ್ಲಿ. ನಿಮ್ಮ ಮನೆಗೆ ಕೊಡ್ತಾ ಇರೋದು ಹಿಂದಿನ ದಿನದ ಬ್ರೆಡ್ಡು. ನೀರು ಚಿಮುಕಿಸಿ ಬಿಸಿ ಮಾಡಿ ಕೊಡ್ತೀನಿ."

ಚಿಕ್ಕಮ್ಮನ ಕತ್ತು ಉದ್ದವಾಯಿತು. "ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು, ವರ್ಷಗಳೇ ಆಯ್ತು. ನೀವು ಕೈಗೆ ಕೊಟ್ಟ ತಕ್ಷಣ ಕಣ್ಣು ಮುಚ್ಚಿ ಸ್ತೋತ್ರ ಹೇಳ್ತೀರಲ್ಲ, ಬ್ರೆಡ್ಡು ನೋಡೋದೇ ಇಲ್ಲ."

ಚಿಕ್ಕಮ್ಮ ಬಾಯಿ ತೆರೆದಳು. ಅವಳ ಬಾಯಿಂದ ಬರಲಿದ್ದ ಬೈಗುಳ ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಅದನ್ನು ಕೇಳದವರಿಲ್ಲ. ಆದರೆ ಎದುರಿಗೆ ಕದ್ದ ಬಟ್ಟೆ ಹಾಸಿಕೊಂಡಿತ್ತು. ಬಾಯಿ ಮುಚ್ಚಿದಳು. ಆಮೇಲೆ ಬೇಕರಿಯಮ್ಮ ಒಲೆಯಿಂದ ಆಗತಾನೇ ತೆಗೆದ ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ದಾರಿಯುದ್ದಕ್ಕೂ ಚಿಕ್ಕಮ್ಮ ಅದನ್ನು ಮೂಸಿ ಮೂಸಿ, "ಇಷ್ಟು ವರ್ಷ ನೋಡೇ, ಇಷ್ಟು ವರ್ಷ" ಎಂದು ಗೊಣಗಿದಳು.

ಟಿಕೆಟ್ ಅಕ್ಕನ ಮನೆಗೆ ಹೋಗಲು ಅವಳ ಕಾಲು ಏಳಲಿಲ್ಲ. ಆ ಮದುವೆ ನಡೆದಿರಲಿಲ್ಲ. ಹೋದ ವರ್ಷ, ಮದುವೆಗೆ ಒಂದು ವಾರವಿರುವಾಗ ಮುರಿದುಬಿದ್ದಿತ್ತು. ಯಾಕೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಅವಳ ಕೌಂಟರಿಗೇ ಹೋದೆವು. ಊಟದ ಹೊತ್ತು, ಗಾಜಿನ ಹಿಂದೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು. ಚಿಕ್ಕಮ್ಮ ಟಿಕೆಟ್ ಕೊಡುವ ಕಿಂಡಿಯೊಳಗೆ ಎರಡು ಸ್ಯಾಟಿನ್ ತೋಳುಗಳನ್ನು ತೂರಿಸಿದಳು.

"ಬಟ್ಟೆ ಸಾಲದು, ತೋಳಿಲ್ಲದೇ ಹೊಲೀತೀನಿ, ಈಗ ಅದೇ ಚೆಂದ ಅಂದಿದ್ನಲ್ಲ. ಬಟ್ಟೆ ಇತ್ತಮ್ಮ. ನಾನೇ ಇಟ್ಕೊಂಡೆ."

ಅವಳು ತೋಳುಗಳನ್ನು ನೋಡುತ್ತಲೇ ಇದ್ದಳು. "ಗಂಡಿನ ಅಮ್ಮ ಜಗಳ ತೆಗೆದಿದ್ದು ಇದಕ್ಕೇ. ಹೆಗಲು ಬಿಟ್ಕೊಂಡು ಬರೋ ಸೊಸೆ ಬೇಡ ಅಂತ. ಅವನು ಅಮ್ಮನ ಹಿಂದೆ ನಿಂತ್ಕೊಂಡು ನೆಲ ನೋಡ್ತಿದ್ದ."

ಚಿಕ್ಕಮ್ಮ ಕಿಂಡಿಯ ಅಂಚು ಹಿಡಿದುಕೊಂಡಳು. ಅವಳ ಮುಖ ಬಿಳಿಚಿದ್ದನ್ನು ನಾನು ಮೊದಲ ಸಲ ನೋಡಿದೆ. ಉಳಿಸಿದ್ದರಿಂದ ಯಾರಿಗೆ ಏನಾಗುತ್ತದೆಂದು ಅವಳು ಎಂದೂ ಯೋಚಿಸಿರಲಿಲ್ಲ. ಬಟ್ಟೆ ತಾನೆ ಎಂದುಕೊಂಡಿದ್ದಳು.

ಅಷ್ಟರಲ್ಲಿ ಗಾಜಿನ ಹಿಂದೆ ನಗು. "ಈಗ ಅವನಿಗೆ ಬೇರೆ ಮದುವೆ ಆಗಿದೆ ಆಂಟಿ. ಆ ಹುಡುಗಿ ಅತ್ತೆ ಅನುಮತಿ ಇಲ್ಲದೆ ಬಸ್ಸೂ ಹತ್ತೋ ಹಾಗಿಲ್ಲ. ನನ್ನ ಕೌಂಟರಿಗೇ ಬಂದು ಟಿಕೆಟ್ ತಗೊಂಡು ವಾಪಸು ಕೊಟ್ಟು ಹೋಗ್ತಾಳೆ. ನೀವೇನಾದ್ರೂ ತೋಳು ಇಟ್ಟಿದ್ರೆ ಅಲ್ಲಿ ನಾನಿರ್ತಿದ್ದೆ. ದೊಡ್ಡ ಉಪಕಾರ ಮಾಡಿದ್ರಿ."

"ಉಪಕಾರ ಅನ್ಬೇಡಮ್ಮ" ಎಂದು ಚಿಕ್ಕಮ್ಮ ಬೇಡಿಕೊಂಡಳು. "ಬೈದುಬಿಡು. ಎರಡು ಮಾತು ಬೈ."

ಅವಳು ಬೈಯಲಿಲ್ಲ. ತೋಳುಗಳನ್ನು ಕೈಗೆ ಹಾಕಿಕೊಂಡು ಊಟ ಮುಂದುವರಿಸಿದಳು. ವಾಪಸು ಬರುವಾಗ ಚಿಕ್ಕಮ್ಮ, "ನೋಡಿದ್ಯಾ, ನನ್ನ ಪಾಪದಿಂದಲೂ ಕರ್ತ ಒಳ್ಳೇದನ್ನೇ..." ಎಂದು ಶುರು ಮಾಡಿ, ನಾನು ಅವಳ ಮುಖ ನೋಡಿದ್ದಕ್ಕೆ ಅಲ್ಲಿಗೇ ನಿಲ್ಲಿಸಿದಳು.

ಕಡೆಯದು ಪಾಸ್ಟರ ಹೆಂಡತಿ, ಪಾಸ್ಟರಮ್ಮ. ಮಹಿಳೆಯರ ಪ್ರಾರ್ಥನಾ ಕೂಟಕ್ಕೆ ಚಿಕ್ಕಮ್ಮ ನಾಯಕಿ, ಅವರು ಅಧ್ಯಕ್ಷೆ. ಹಾಸುಬಟ್ಟೆಯ ತುಂಡನ್ನು ನೋಡಿದ ಪಾಸ್ಟರಮ್ಮ ಕಿಟಕಿ ಮುಚ್ಚಿದರು.

"ಯಾರಿಗೂ ಹೇಳಿಲ್ಲ ತಾನೆ? ಬಿಡಿ, ಇಲ್ಲಿಗೇ ಬಿಟ್ಬಿಡಿ. ರಕ್ಷಣೆ ಆದವರಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಕ್ರಿಯೆಗಳಿಂದಲ್ಲ, ನಂಬಿಕೆಯಿಂದ. ನೀವೇ ಎಷ್ಟು ಸಲ ಹೇಳಿದ್ದೀರಿ."

ತನ್ನದೇ ಮಾತು ಬೇರೆಯವರ ಬಾಯಲ್ಲಿ ಕೇಳಿ ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಲೆಕ್ಕಕ್ಕಿಲ್ವಾ? ಹಾಗಾದ್ರೆ ಮೂರು ಬಾಗಿಲಲ್ಲಿ ಮಾನ ಕಳ್ಕೊಂಡು ಬಂದೋಳು ನಾನು ಹುಚ್ಚೀನಾ? ಲೆಕ್ಕಕ್ಕಿದೆ ಕಣ್ರೀ! ಆ ಡಾಕ್ಟರು ಒಂದು ವರ್ಷ ಸೌತೆಕಾಯಿ ತಿಂದಿದಾರೆ!"

ಪಾಸ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ. ನಾವು ತುಂಡನ್ನು ಅವರ ಮಡಿಲಲ್ಲಿಟ್ಟು ಬಂದೆವು.

ಇದನ್ನೆಲ್ಲ ದಿನಾ ಸಂಜೆ ಚಿಕ್ಕಮ್ಮ ಮಾಮನಿಗೆ ಒಪ್ಪಿಸುತ್ತಿದ್ದಳು. ಸೌತೆಕಾಯಿಗೆ ಅವನು ನಕ್ಕಿದ್ದನ್ನು ನೋಡಿ ಆಪರೇಷನ್ನಿಗೆ ಮೊದಲೇ ಹೋಗಿಬಿಡುತ್ತಾನೆಂದು ನನಗೆ ಭಯವಾಯಿತು. ತೋಳಿನ ಕತೆಗೆ ನಗಲಿಲ್ಲ. ಅವಳ ಕೈಯನ್ನು ಸುಮ್ಮನೆ ಹಿಡಿದುಕೊಂಡ.

ಭಾನುವಾರ ಬೆಳಿಗ್ಗೆ ನಾನು ಅವನ ಅಂಗಿಯ ಗುಂಡಿ ಹಾಕುತ್ತಿದ್ದಾಗ ಮೆಲ್ಲಗೆ ಹೇಳಿದ. "ನಂಬ್ತೀನಿ ಅಂದ್ಬಿಡ್ತೀನಿ."

"ನಂಬ್ತೀಯಾ ಮಾಮ?"

"ಇಲ್ಲ. ಆದ್ರೆ ಅವಳು ಮಲಗಿ ಐದು ದಿನ ಆಯ್ತು. ನಾಳೆ ನಾನೇನಾದ್ರೂ ಏಳದಿದ್ರೆ ಅವಳು ಬದುಕಿರೋವರೆಗೂ ಮಲಗಲ್ಲ. ಒಂದು ಸುಳ್ಳು ತಾನೆ."

ಸಭೆಯ ಹಾಲಿನಲ್ಲಿ ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ಸಿಮೆಂಟಿನ ತೊಟ್ಟಿ. ಇವನ ಎದೆಗೆ ತಣ್ಣೀರು ಆಗದೆಂದು ಪಾಸ್ಟರು ಹಂಡೆಗಟ್ಟಲೆ ಬಿಸಿನೀರು ಸುರಿಸಿದ್ದರು, ಆವಿ ಏಳುತ್ತಿತ್ತು. ಮೊದಲು ಅಕ್ಕತಂಗಿಯರಿಬ್ಬರು ಮುಳುಗಿ ಎದ್ದರು, ಆಮೇಲೆ ಒಬ್ಬ ಕ್ಷೌರಿಕ. ಎಲ್ಲರಿಗೂ ಚಪ್ಪಾಳೆ. ಕಡೆಗೆ ಮಾಮ. ಸಭೆಯ ಗಿಡ್ಡ ನಿಲುವಂಗಿಯಲ್ಲಿ ಅವನ ಸಣಕಲು ಕಾಲುಗಳು ಕೊಕ್ಕರೆಯ ಕಾಲಿನಂತೆ ಕಾಣುತ್ತಿದ್ದವು. ಮೆಟ್ಟಿಲಿಳಿದು ಸೊಂಟದವರೆಗೆ ನೀರಿನಲ್ಲಿ ನಿಂತ. ಪಾಸ್ಟರು ಒಂದು ಕೈ ಅವನ ಬೆನ್ನಿಗೆ ಕೊಟ್ಟರು. ಚಿಕ್ಕಮ್ಮ ತೊಟ್ಟಿಯ ಅಂಚಿಗೇ ಬಂದು, ಒಣ ಟವೆಲು ಹಿಡಿದು ನಿಂತಿದ್ದಳು.

"ಯೇಸು ನಿನ್ನ ರಕ್ಷಕನೆಂದು ನಿನ್ನ ಪೂರ್ಣ ಹೃದಯದಿಂದ ನಂಬುತ್ತೀಯಾ?"

ಮಾಮ ತಂಗಿಯನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಅವನ ಎರಡೂ ಕಿವಿ ನಿಧಾನವಾಗಿ ಕೆಂಪಾಗುತ್ತಿದ್ದವು.

"ನಂ..." ಎಂದ.

"ತಡಿ!" ಎಂದಳು ಚಿಕ್ಕಮ್ಮ.

ಹಾಲಿನಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಟವೆಲನ್ನು ಎದೆಗೆ ಒತ್ತಿಕೊಂಡಿದ್ದಳು.

"ಬೇಡಿ ಪಾಸ್ಟರೇ. ಅವನು ಸುಳ್ಳು ಹೇಳ್ತಾ ಇದಾನೆ. ನನಗೋಸ್ಕರ ಹೇಳ್ತಾ ಇದಾನೆ. ಕಿವಿ ನೋಡಿ."

"ಅಮ್ಮಾ, ಹೃದಯದಲ್ಲಿರೋದು ನಮಗೆ ಹೇಗೆ..."

"ಅವನ ಹೃದಯದ ಚಿತ್ರ ತೆಗೆಸಿದೋಳು ನಾನು, ನನಗೆ ಗೊತ್ತು. ಅವನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ಕೆಟ್ಟದಾಗಿ ಹೇಳ್ತಾನೆ. ಅಷ್ಟು ಕೆಟ್ಟದಾಗಿ ಹೇಳಿದ್ರೆ ಮೇಲಿರೋನಿಗೆ ಗೊತ್ತಾಗಲ್ವಾ? ಅಣ್ಣ, ಮೇಲೆ ಬಾ."

"ಹೇಳ್ತೀನಿ ಬಿಡೇ, ಏನಾಗುತ್ತೆ" ಎಂದ ಮಾಮ, ನೀರಿನಿಂದಲೇ. "ಸಲೀಸು ಅಂದೋಳು ನೀನೇ ಅಲ್ವಾ?"

"ಅಂದೆ. ಅವತ್ತು ಅಂದೆ." ಅವಳು ಟವೆಲು ಬಿಡಿಸಿ ಚಾಚಿದಳು. "ಅರವತ್ತೆರಡು ವರ್ಷ ಹೇಳದೇ ಇದ್ದೋನು ಇವತ್ತು ನನ್ನ ಕೈಯಿಂದ ಹೇಳೋದು ಬೇಡ. ಬಾ ಮೇಲೆ, ನೀರು ಆರುತ್ತೆ."

ಪಾಸ್ಟರು ಮಾಮನ ಬೆನ್ನಿನ ಮೇಲಿದ್ದ ಕೈ ತೆಗೆಯಲೂ ಇಲ್ಲ, ಒತ್ತಲೂ ಇಲ್ಲ. ಪಾಸ್ಟರಮ್ಮ ಮುಂದಿನ ಸಾಲಿನಿಂದ ಮುಳುಗಿಸಿ ಎಂದು ಸನ್ನೆ ಮಾಡುತ್ತಿದ್ದರು. ಯಾರೋ ಹಿಂದಿನಿಂದ, ಅರ್ಧ ನೆನೆದಿದ್ದಾನಲ್ಲ, ಅರ್ಧ ರಕ್ಷಣೆಯಾದರೂ ಆಗುತ್ತದೆಯೇ ಎಂದು ಕೇಳಿದರು, ಸಭೆಗೆ ಹೊಸಬರಿರಬೇಕು. ಕಡೆಗೆ ಪಾಸ್ಟರು ಮಾಮನ ತೋಳು ಹಿಡಿದು ತಾವೇ ಮೆಟ್ಟಿಲು ಹತ್ತಿಸಿದರು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕ್ಷೌರಿಕ ಮಾತ್ರ ಎರಡು ಸಲ ಹೊಡೆದು ನಿಲ್ಲಿಸಿದ.

ಮನೆಯ ಮೆಟ್ಟಿಲಿನಲ್ಲಿ ಮಾಮ ಉಸಿರಿಗಾಗಿ ನಿಂತಾಗ ಚಿಕ್ಕಮ್ಮ ಅಲ್ಲೇ ಕುಸಿದು ಕೂತಳು. "ನಾನೇನು ಮಾಡ್ಬಿಟ್ಟೆ" ಎಂದು ಮುಖ ಮುಚ್ಚಿಕೊಂಡು ಅತ್ತಳು. "ಬಾಗಿಲವರೆಗೂ ಬಂದಿದ್ದೋನನ್ನ ನಾನೇ ಕೈಯಾರೆ ಎಳ್ಕೊಂಡು ಬಂದೆ. ನಾಳೆ ಏನಾದ್ರೂ ಆದ್ರೆ?"

ಮಾಮ ಅವಳ ಪಕ್ಕದಲ್ಲಿ ಕೂತ. ಕೆಳಗೆ ಚಪ್ಪಲಿಯವನ ಅಂಗಡಿಗೆ ರಜೆ, ಸದ್ದಿರಲಿಲ್ಲ. "ಆದ್ರೆ, ಅಲ್ಲಿ ಯಾರಾದ್ರೂ ಇದ್ರೆ, ನಿನ್ನ ಬಗ್ಗೆ ಹೇಳ್ತೀನಿ" ಎಂದ.

"ಏನಂತ?"

"ಹಲ್ಲಿನ ಡಾಕ್ಟರ ಹತ್ರ ಹೋದಳು ಅಂತ."

ಸೋಮವಾರ ಒಂಬತ್ತಕ್ಕೆ ಅವನನ್ನು ಒಳಗೆ ಕರೆದುಕೊಂಡು ಹೋದರು. ಹಸಿರು ಗೋಡೆಯ ಮೊಗಸಾಲೆಯಲ್ಲಿ, ಕಬ್ಬಿಣದ ಬೆಂಚಿನ ಮೇಲೆ ನಾವಿಬ್ಬರು. ಚಿಕ್ಕಮ್ಮನ ಪ್ರಾರ್ಥನೆ ಅವತ್ತು ಹಾಡಿನ ಧಾಟಿಯಲ್ಲಿರಲಿಲ್ಲ. ಸಾಲಿನಲ್ಲಿ ನಿಂತು ಗುಮಾಸ್ತನ ಜೊತೆ ವಾದ ಮಾಡುವವಳಂತೆ ಗೊಣಗುತ್ತಿದ್ದಳು. ನನಗೆ ತುಂಡು ತುಂಡಾಗಿ ಕೇಳಿಸಿತು: "...ನನ್ನಂಥೋಳನ್ನ ಬಾಯಿಮಾತಿಗೇ ಒಳಗೆ ಬಿಟ್ಟೆ, ಸರಿ... ಅವನು ಬಾಗಿಲಿಗೆ ಬಂದ್ರೆ ಹಿಂದಕ್ಕೆ ಕಳಿಸ್ತೀಯಾ?... ಕಳಿಸು ನೋಡೋಣ... ಆಮೇಲೆ ನಾನು ಬರ್ತೀನಲ್ಲ, ಆಗ ಮಾತಾಡೋಣ..."

ಎರಡು ಗಂಟೆ ದಾಟಿ ನರ್ಸ್ ಬಂದು ಆಯಿತು, ಉಸಿರಾಟ ಸರಿಯಾಗಿದೆ, ನಾಳೆ ನೋಡಬಹುದು ಎಂದರು. ಚಿಕ್ಕಮ್ಮ ಬೆಂಚಿನಿಂದ ಇಳಿದು ನೆಲಕ್ಕೆ ಮೊಣಕಾಲೂರಿದಳು, ಎದ್ದಳು, ಮತ್ತೆ ಊರಿದಳು. ಮರುದಿನ ಒಬ್ಬರನ್ನೇ ಒಳಗೆ ಬಿಡುವುದು ಎಂದಾಗ, ನನ್ನನ್ನು ತೋರಿಸಿ, "ಇವಳಿಗೆ ಕಣ್ಣು ಸರಿಯಾಗಿ ಕಾಣಲ್ಲ, ಕೈ ಹಿಡ್ಕೊಳ್ದೇ ನಡೆಯೋಕಾಗಲ್ಲ" ಎಂದು ಒಂದು ಕಣ್ಣೆವೆಯೂ ಮಿಟುಕಿಸದೆ ಹೇಳಿ ಇಬ್ಬರನ್ನೂ ಒಳಗೆ ಸೇರಿಸಿದಳು. ನಾನು ಗೋಡೆ ತಡವುತ್ತ ನಡೆದೆ.

ಮಾಮ ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ್ದ. ಮುಖ ಹಳದಿಯಾಗಿತ್ತು, ಕಣ್ಣು ತೆರೆದಿತ್ತು. ಚಿಕ್ಕಮ್ಮ ಹೇಗಿದ್ದೀಯ ಎಂದು ಕೇಳಲಿಲ್ಲ. ಅವನ ಕಿವಿಯ ಹತ್ತಿರ ಬಗ್ಗಿದಳು.

"ಏನಾದ್ರೂ ಕಾಣಿಸ್ತಾ? ಬೆಳಕು ಗಿಳಕು? ಯಾರಾದ್ರೂ ಬಂದ್ರಾ?"

ಅವನು ಯೋಚಿಸಿದ. ಹೌದು ಎಂದಿದ್ದರೆ ಅವಳು ಆ ವಾರ್ಡಿನಲ್ಲೇ ಕುಣಿಯುತ್ತಿದ್ದಳು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ" ಎಂದ, ಒಣಗಿದ ಗಂಟಲಿನಲ್ಲಿ. "ನಿದ್ದೆ ಬಂದಿತ್ತು."

"ಅಷ್ಟೇನಾ?"

"ಅಷ್ಟೇ."

ಚಿಕ್ಕಮ್ಮ ಅವನ ಹೊದಿಕೆಯ ಅಂಚನ್ನು ಎಳೆದು ಸರಿಮಾಡಿದಳು. ಸ್ಟೂಲು ಎಳೆದುಕೊಂಡು ಗಟ್ಟಿಯಾಗಿ ಕೂತಳು. ಒಂದು ವಾರದ ಮೇಲೆ ಅವಳ ಮುಖದಲ್ಲಿ ರಕ್ತ ಆಡುತ್ತಿತ್ತು.

"ಹಾಗಾದ್ರೆ ಇನ್ನೂ ಟೈಮಿದೆ" ಎಂದಳು.